ಹಳೆಯ ಪಾಲಿಸಿ, ಕೆಟ್ಟ ನೆಲ

(ಚಿಕ್ಕಯ್ಯನಛತ್ರದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ವಿಮೆಯ ಬಗ್ಗೆ ಭಾಷಣ ಅಂದರೆ ಏಜೆಂಟ್ ಬಂದ ಅಂತ ಜನ ಎದ್ದು ಹೋಗುವುದುಂಟು. ಬಾಗಿಲ ಕಡೆ ನೋಡುತ್ತಿರುವವರು ಸ್ವಲ್ಪ ಹೊತ್ತು ಕೂತಿರಿ. ನಾನು ಪಾಲಿಸಿ ಮಾರಲು ಬಂದಿಲ್ಲ. ಯಾವುದೋ ಕಾಲದಲ್ಲಿ ಯಾರೋ ಪ್ರೀಮಿಯಂ ಕಟ್ಟಿ, ಅವಧಿ ಮುಗಿದು, ಈಗ ಬೀರುವಿನ ಮೇಲೆ ಧೂಳು ಹಿಡಿದು ಬಿದ್ದಿರುವ ಪಾಲಿಸಿಗಳ ವಿಚಾರ ಹೇಳಲು ಬಂದಿದ್ದೇನೆ. ವಿಮಾ ಕಚೇರಿಯಲ್ಲಿ ಕ್ಲೇಮು ನೋಡುವ ಮೇಜಿನ ಹಿಂದೆ ಕೂತು ಕೂದಲು ಬೆಳ್ಳಗಾದವನು ನಾನು. ನನಗೆ ತಿಳಿದಿರುವುದು ಆ ಮೇಜಿನಿಂದ ಕಂಡದ್ದು.

ಈ ದತ್ತಿಯನ್ನೇ ನೋಡಿ. ಯಾರೋ ಒಂದು ಕಾಲದಲ್ಲಿ ಇಡುಗಂಟು ಇಟ್ಟರು. ಇಂದು ಅದರ ಬಡ್ಡಿಯಿಂದ ಶಾಮಿಯಾನ, ಮೈಕು, ನಿಮ್ಮ ಕೈಲಿರುವ ಕಾಫಿ. ಠೇವಣಿಯ ರಸೀತಿ ಎಲ್ಲೋ ಕಳೆದುಹೋಗಿ, ಯಾರೂ ಹೋಗಿ ಕೇಳದೆ ಇದ್ದಿದ್ದರೆ ಹಣ ಬ್ಯಾಂಕಿನಲ್ಲೇ ಇರುತ್ತಿತ್ತು, ಉಪನ್ಯಾಸ ಇರುತ್ತಿರಲಿಲ್ಲ. ಹಳೆಯ ಹೊಣೆಗಾರಿಕೆ ವಿಮೆಯ ಗತಿಯೂ ಬಹುಮಟ್ಟಿಗೆ ಹೀಗೆಯೇ.

ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಹೊಣೆಗಾರಿಕೆ ವಿಮೆ ಅಂದರೆ ಆಕ್ಸಿಡೆಂಟ್ ಕ್ಲೇಮು. ಊಟಿ ರಸ್ತೆಯಲ್ಲಿ ಲಾರಿ ಬಡಿದರೆ ವಕೀಲರು ಮೊದಲು ಕೇಳುವುದು ಲಾರಿ ಯಾರದು ಅಂತ ಅಲ್ಲ, ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್ ಚಾಲ್ತಿಯಲ್ಲಿತ್ತಾ ಅಂತ. ತೀರ್ಪು ಬರುವ ಹೊತ್ತಿಗೆ ಲಾರಿ ಗುಜರಿಗೆ ಹೋಗಿರಬಹುದು, ಮಾಲೀಕ ಊರು ಬಿಟ್ಟಿರಬಹುದು, ಪಾಲಿಸಿ ಮುಗಿದು ಎಷ್ಟೋ ವರ್ಷ ಆಗಿರಬಹುದು. ಆ ದಿನದ ಪಾಲಿಸಿ ಇತ್ತು ಎಂದು ತೋರಿಸಿದರೆ ಕಂಪನಿ ಹಣ ಕಟ್ಟಬೇಕು. ಘಟನೆ ನಡೆದ ದಿನವೇ ಲೆಕ್ಕ, ಕೇಳಿದ ದಿನವಲ್ಲ.

ಈಗ ಇದೇ ಲೆಕ್ಕವನ್ನು ಲಾರಿಯಿಂದ ನೆಲಕ್ಕೆ ತನ್ನಿ. ಒಂದು ಫ್ಯಾಕ್ಟರಿಯ ಹಿತ್ತಲಲ್ಲಿ ಲೋಹದ ಭಾಗಗಳ ಜಿಡ್ಡು ತೆಗೆಯುವ ದ್ರಾವಕದ ಡ್ರಮ್ಮು ಸೋರಿತು ಎನ್ನಿ. ಅಂಥ ಎಷ್ಟೋ ದ್ರಾವಕಗಳು ನೀರಿಗಿಂತ ಭಾರ. ನೀರಿನ ಮೇಲೆ ತೇಲದೆ, ಬಂಡೆಯ ಬಿರುಕು ಹಿಡಿದು ಕೆಳಕ್ಕೆ ಕೆಳಕ್ಕೆ ಇಳಿಯುತ್ತವೆ. ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಯಾರದೋ ಬೋರ್‌ವೆಲ್ ನೀರು ವಾಸನೆ ಹೊಡೆಯುತ್ತದೆ. ಅಷ್ಟರಲ್ಲಿ ಫ್ಯಾಕ್ಟರಿ ಕೈ ಬದಲಾಗಿದೆ, ಇಲ್ಲವೇ ಮುಚ್ಚಿದೆ. ಲಾರಿ ಬಡಿಯುವುದು ಒಂದು ಕ್ಷಣದ ಕೆಲಸ. ಇಲ್ಲಿ ಘಟನೆಯ ದಿನ ಯಾವುದು? ಡ್ರಮ್ಮು ಸೋರಿದ ದಿನವೋ, ವಿಷ ಅಂತರ್ಜಲ ಮುಟ್ಟಿದ ದಿನವೋ, ಬೋರ್‌ವೆಲ್ ಕೆಟ್ಟ ದಿನವೋ?

ಅಮೆರಿಕದ ವಕೀಲರೂ ವಿಮಾ ಕಂಪನಿಗಳೂ ನಲವತ್ತು ವರ್ಷದಿಂದ ಬಡಿದಾಡುತ್ತಿರುವುದು ಈ ಒಂದು ಪ್ರಶ್ನೆಯ ಮೇಲೆ. ನಯಾಗರಾ ಜಲಪಾತದ ಹತ್ತಿರ ಲವ್ ಕೆನಾಲ್ ಎಂಬ ಹಳೆಯ ಕಾಲುವೆಯೊಳಗೆ ಹೂಕರ್ ಕೆಮಿಕಲ್ ಕಂಪನಿ 1942ರಿಂದ 1953ರವರೆಗೆ ಸುಮಾರು 21,000 ಟನ್ ರಾಸಾಯನಿಕ ಕಸ ತುಂಬಿ, ಮೇಲೆ ಮಣ್ಣು ಮುಚ್ಚಿ, ಆ ಜಾಗವನ್ನು ಅಲ್ಲಿನ ಶಾಲಾ ಮಂಡಳಿಗೆ ಒಂದು ಡಾಲರಿಗೆ ಬರೆದುಕೊಟ್ಟಿತು. ಮುಂದೆ ಏನಾದರೂ ಆದರೆ ನಾವು ಜವಾಬ್ದಾರರಲ್ಲ ಎಂದು ಕ್ರಯಪತ್ರದಲ್ಲೇ ಸೇರಿಸಿತು. ಅದರ ಮೇಲೆ ಶಾಲೆ ಎದ್ದಿತು, ಸುತ್ತ ಮನೆಗಳೆದ್ದವು. ಒಳಗಿದ್ದ ವಿಷ ಹೊರಬಂದು, 1978ರಲ್ಲಿ ಅಧ್ಯಕ್ಷ ಕಾರ್ಟರ್ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ಒಂದು ಡಾಲರಿಗೆ ಜಮೀನು ಬಿಟ್ಟುಕೊಡಲು ಬರುವವರನ್ನು ಕಂಡರೆ ಅನುಮಾನಪಡಬೇಕು ಅನ್ನುವುದು ಈ ಕಡೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಯಾಗರಾದ ಶಾಲಾ ಮಂಡಳಿ ಆ ಎಚ್ಚರ ವಹಿಸಲಿಲ್ಲ.

1980ರ ಡಿಸೆಂಬರಿನಲ್ಲಿ ಅಮೆರಿಕ 'ಸೂಪರ್‌ಫಂಡ್' ಎಂದು ಹೆಸರಾದ ಕಾಯ್ದೆ ತಂದಿತು. ಎಂದೋ ಸುರಿದ ವಿಷಕ್ಕೂ ಸುರಿದವರನ್ನೇ ಹಿಡಿಯುವ ಕಾಯ್ದೆ ಅದು. ಕೋಟಿಗಟ್ಟಲೆ ಡಾಲರಿನ ಬಿಲ್ಲು ಕೈಗೆ ಬಂದ ಫ್ಯಾಕ್ಟರಿಗಳವರು ತಮ್ಮ ಹಳೆಯ ಪಾಲಿಸಿಗಳ ಕಡೆ ತಿರುಗಿದರು. 1986ರಿಂದ ಈಚೆಗೆ ಬಂದ ಪಾಲಿಸಿಗಳಲ್ಲಿ ಮಾಲಿನ್ಯವನ್ನು ಪೂರ್ತಿ ಹೊರಗಿಡುವ ಷರತ್ತು ಇತ್ತು. ಎಪ್ಪತ್ತರ ದಶಕದ ಆರಂಭದಿಂದ ಬಂದವುಗಳಲ್ಲೂ ಅಡ್ಡಗೋಡೆ ಇತ್ತು. ಅದಕ್ಕೂ ಹಿಂದಿನ ಪಾಲಿಸಿಗಳಲ್ಲಿ ಮಾಲಿನ್ಯದ ಸುದ್ದಿಯೇ ಇರಲಿಲ್ಲ. ವಿಮಾ ಕಂಪನಿಗಳಿಗೆ ಅದರ ಕಲ್ಪನೆಯೇ ಇರದಿದ್ದರಿಂದ ಹೊರಗಿಡಲಿಲ್ಲ. ಹೊರಗಿಡದ್ದಕ್ಕೆ ಹಣ ಕೊಡಬೇಕಾಯಿತು. ಐವತ್ತು, ಅರುವತ್ತರ ದಶಕದ ಹಾಳೆಗಳಿಗೆ ಚಿನ್ನದ ಬೆಲೆ ಬಂತು. ಅವನ್ನು ಹುಡುಕಿಕೊಡುವುದೇ ಒಂದು ಕಸುಬಾಯಿತು, ಅದಕ್ಕೆ ವಿಮಾ ಪುರಾತತ್ತ್ವ ಎಂದು ಹೆಸರೂ ಬಿತ್ತು.

ಈ ಕಥೆಗಳಲ್ಲಿ ನನಗೆ ಅಚ್ಚುಮೆಚ್ಚಿನದು ಕ್ಯಾಲಿಫೋರ್ನಿಯಾದ ಸ್ಟ್ರಿಂಗ್‌ಫೆಲೋ ಆಮ್ಲದ ಗುಂಡಿಗಳದು. ಅದರಲ್ಲಿ ಆರೋಪಿ ಫ್ಯಾಕ್ಟರಿ ಅಲ್ಲ, ಸರ್ಕಾರವೇ. ಐವತ್ತರ ದಶಕದಲ್ಲಿ ಫ್ಯಾಕ್ಟರಿಗಳ ದ್ರವತ್ಯಾಜ್ಯಕ್ಕೆ ಜಾಗ ಹುಡುಕುವಾಗ ರಾಜ್ಯದ ಭೂವಿಜ್ಞಾನಿ ಒಂದು ಕಲ್ಲುಕ್ವಾರಿಯ ಕಣಿವೆ ತೋರಿಸಿದ. ಕೆಳಗೆ ಗಟ್ಟಿ ಬಂಡೆ, ಒಂದು ಹನಿಯೂ ಇಳಿಯುವುದಿಲ್ಲ ಎಂದ. ಅದು ಬಿರುಕುಬಿಟ್ಟ, ಪುಡಿಯಾಗುತ್ತಿದ್ದ ಗ್ರಾನೈಟ್. ಕೆಳಗೆ ನೀರಿನ ಸೆಲೆ ಬೇರೆ. 1956ರಿಂದ 1972ರವರೆಗೆ ಅಲ್ಲಿ ಮೂರು ಕೋಟಿ ಗ್ಯಾಲನ್‌ಗೂ ಮೀರಿ ಸುರಿದರು. ಮಳೆ ಜೋರಾದ ವರ್ಷ ಗುಂಡಿ ಉಕ್ಕಿ ಹರಿಯಿತು. 1998ರಲ್ಲಿ ಫೆಡರಲ್ ನ್ಯಾಯಾಲಯ, ರಾಜ್ಯ ಸರ್ಕಾರವೇ ಹೊಣೆ ಎಂದಿತು. ಅದಕ್ಕೂ ಮುಂಚೆಯೇ ಸರ್ಕಾರ ತಾನೇ ಹಿಂದೆ ಕೊಂಡಿದ್ದ ಹೊಣೆಗಾರಿಕೆ ಪಾಲಿಸಿಗಳನ್ನು ತೆಗೆದು ವಿಮಾ ಕಂಪನಿಗಳ ಮೇಲೆ ದಾವೆ ಹೂಡಿತ್ತು. 2012ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ತಿರುಳು ಇಷ್ಟು: ವಿಷ ವರ್ಷ ವರ್ಷವೂ ಇಳಿಯುತ್ತಿತ್ತು, ಹಾಗಾಗಿ ಆ ಪ್ರತಿ ವರ್ಷದ ಪಾಲಿಸಿಯೂ ಹೊಣೆ; ಒಂದೊಂದು ಪಾಲಿಸಿಯೂ ತನ್ನ ಮಿತಿಯವರೆಗೆ ಇಡೀ ಹಾನಿಗೆ ಉತ್ತರ ಹೇಳಬೇಕು; ಒಂದು ವರ್ಷದ ಮಿತಿ ಸಾಲದಿದ್ದರೆ ಮುಂದಿನ ವರ್ಷದ್ದನ್ನು ಅದರ ಮೇಲೆ ಪೇರಿಸಬಹುದು.

ನಮ್ಮ ಮೈಸೂರು ಜಿಲ್ಲೆಯ ಬಂಡೆಯೂ ಬಿರುಕಿನ ಬಂಡೆಯೇ. ಬೋರ್ ಕೊರೆಸಿದವರಿಗೆಲ್ಲ ಗೊತ್ತು, ನೀರು ಸಿಗುವುದು ಬಂಡೆಯಲ್ಲಲ್ಲ, ಅದರ ಸಂದಿನಲ್ಲಿ. ನೀರು ಬರುವ ದಾರಿಯಲ್ಲೇ ಬೇರೆಯದೂ ಬರುತ್ತದೆ. ತಾಂಡವಪುರದಿಂದ ಈ ಛತ್ರದವರೆಗಿನ ಫ್ಯಾಕ್ಟರಿಗಳ ಸಾಲಿನ ಮುಂದೆ ಕಪಿಲೆ, ಕಪಿಲೆಯ ಮುಂದೆ ತಿರುಮಕೂಡಲಿನ ಸಂಗಮ. ಇಲ್ಲಿ ಒಂದು ಫ್ಯಾಕ್ಟರಿಯನ್ನೂ ನಾನು ಬೆರಳು ಮಾಡಿ ತೋರಿಸುತ್ತಿಲ್ಲ. ಈ ಸಾಲಿನಿಂದ ನಮ್ಮ ಮಕ್ಕಳಿಗೆ ಸಂಬಳ ಬರುತ್ತದೆ, ಅದನ್ನು ಮರೆತು ಮಾತಾಡುವವನು ನಾನಲ್ಲ. ನನ್ನ ಪ್ರಶ್ನೆ ಬೇರೆ: ನಾಳೆ ನೆಲ ತೊಳೆಯಬೇಕಾದರೆ ಹಣ ಯಾರದು?

ನಮ್ಮ ದೇಶದ ಉತ್ತರ ಭೋಪಾಲದಿಂದ ಶುರುವಾಗುತ್ತದೆ. 1984ರ ಡಿಸೆಂಬರಿನಲ್ಲಿ ವಿಷಾನಿಲ ಸೋರಿದ ಆ ರಾತ್ರಿಯ ನಂತರ ಯೂನಿಯನ್ ಕಾರ್ಬೈಡ್ 1989ರಲ್ಲಿ 47 ಕೋಟಿ ಡಾಲರ್ ಕಟ್ಟಿ ಕೈತೊಳೆದುಕೊಂಡಿತು. ಅದು ಜನರ ಪರಿಹಾರಕ್ಕೆ. ನೆಲಕ್ಕೆ? ಫ್ಯಾಕ್ಟರಿಯೊಳಗೆ ಉಳಿದಿದ್ದ 337 ಟನ್ ವಿಷದ ಕಸ ಅಲ್ಲಿಂದ ಹೊರಟು ಪೀಥಂಪುರಕ್ಕೆ ಹೋದದ್ದು 2025ರ ಜನವರಿಯಲ್ಲಿ, ನಲವತ್ತು ವರ್ಷ ತುಂಬಿದ ಮೇಲೆ. ಅದನ್ನು ಸುಡಲು ಎತ್ತಿಟ್ಟ 126 ಕೋಟಿ ರೂಪಾಯಿ ಕೇಂದ್ರ ಸರ್ಕಾರದ್ದು, ಅಂದರೆ ಪೆಟ್ರೋಲು ಕೊಳ್ಳುವಾಗಲೂ ತೆರಿಗೆ ಕಟ್ಟುವ ನಮ್ಮದು.

ಭೋಪಾಲದ ಪಾಠವಾಗಿ 1991ರಲ್ಲಿ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಬಂತು. ಅಪಾಯಕಾರಿ ವಸ್ತುಗಳನ್ನು ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಇಟ್ಟುಕೊಳ್ಳುವವರೆಲ್ಲ ಪಾಲಿಸಿ ಮಾಡಿಸಲೇಬೇಕು. ಪ್ರೀಮಿಯಂ ಜೊತೆಗೆ ಅಷ್ಟೇ ಮೊತ್ತವನ್ನು ಪರಿಸರ ಪರಿಹಾರ ನಿಧಿಗೂ ಕಟ್ಟಬೇಕು. ನೊಂದವರು ಕೋರ್ಟಿಗೆ ಅಲೆಯದೆ ಜಿಲ್ಲಾಧಿಕಾರಿಗೆ ಅರ್ಜಿ ಕೊಡಬಹುದು. ತಪ್ಪು ಯಾರದೆಂದು ರುಜುವಾತು ಮಾಡಬೇಕಿಲ್ಲ. ಕಾಯ್ದೆಯ ಆಶಯ ದೊಡ್ಡದು. ಅದರಲ್ಲಿ ಬರೆದಿದ್ದ ಮೊತ್ತ ನೋಡಿ: ಸಾವಿಗೆ 25,000 ರೂಪಾಯಿ, ಆಸ್ತಿ ನಷ್ಟಕ್ಕೆ ಹೆಚ್ಚೆಂದರೆ 6,000 ಇತ್ತು. ಈ ಅಂಕಿಗಳು ಮೂರು ದಶಕದಾಚೆಗೂ ಅಲುಗಾಡದೆ ಕೂತಿದ್ದವು. ಆರು ಸಾವಿರಕ್ಕೆ ಇವತ್ತು ಬೋರ್ ಲಾರಿ ಊರೊಳಕ್ಕೂ ಬರುವುದಿಲ್ಲ.

2017ರ ಏಪ್ರಿಲ್ ತಿಂಗಳನ್ನು ನಿಮ್ಮಲ್ಲಿ ಹಲವರು ಮರೆತಿರಲಾರರು. ಮೈಸೂರಿನ ಅಂಚಿನ ಶ್ಯಾದನಹಳ್ಳಿಯಲ್ಲಿ ಕೈಗಾರಿಕಾ ತ್ಯಾಜ್ಯ ಸುರಿದಿದ್ದ ಖಾಲಿ ಜಮೀನು ಒಳಗೊಳಗೇ ಕಾದು ಕೆಂಡವಾಗಿತ್ತು. ಮೇಲೆ ನೋಡಿದರೆ ಬರೀ ಮಣ್ಣು. ಅದರ ಮೇಲೆ ಕಾಲಿಟ್ಟ ಒಬ್ಬ ಬಾಲಕ ಸುಟ್ಟಗಾಯಗಳಿಂದ ತೀರಿಕೊಂಡ. 1991ರ ಕಾಯ್ದೆಯ ಪಟ್ಟಿಯಲ್ಲಿ ಆಗ ಒಂದು ಜೀವಕ್ಕೆ ಇದ್ದ ಬೆಲೆ ನಾನು ಈಗ ಹೇಳಿದಷ್ಟೇ. ಹೆಚ್ಚಿನದನ್ನು ಬೇರೆ ಕಾನೂನಿನಡಿ ಕೇಳುವ ಹಕ್ಕನ್ನು ಕಾಯ್ದೆಯೇನೋ ಉಳಿಸಿಕೊಟ್ಟಿದೆ. ಆ ದಾರಿ ಎಷ್ಟು ಉದ್ದ ಎಂಬುದಕ್ಕೆ ರಾಜಸ್ಥಾನದ ಬಿಚ್ಛ್ರಿ ಸಾಕ್ಷಿ. ಅಲ್ಲಿ ಎಚ್-ಆಮ್ಲದ ಕಾರ್ಖಾನೆಗಳು ಬಾವಿಗಳ ನೀರನ್ನು ಕೆಡಿಸಿದ್ದಕ್ಕೆ ಮಲಿನ ಮಾಡಿದವರೇ ಹಣ ಕೊಡಬೇಕೆಂದು ಸುಪ್ರೀಂ ಕೋರ್ಟು 1996ರ ಫೆಬ್ರವರಿಯಲ್ಲಿ ಹೇಳಿತು. ಆ ಹಣ, 37 ಕೋಟಿಗೂ ಮಿಕ್ಕಿದ್ದು, ಚಕ್ರಬಡ್ಡಿಸಮೇತ ಕಟ್ಟಿ ಎಂದು ಅದೇ ಕೋರ್ಟು 2011ರಲ್ಲಿ ಮತ್ತೆ ಹೇಳಬೇಕಾಯಿತು.

ಹಾಗಾದರೆ ಅಮೆರಿಕದ ದಾರಿ ನಮಗೆ ಆಗುತ್ತದೆಯೇ? ನೇರವಾಗಿ ಹೇಳುತ್ತೇನೆ: ಇದ್ದ ಹಾಗೆಯೇ ಆಗುವುದಿಲ್ಲ. ನಮ್ಮ ಮಾರುಕಟ್ಟೆಯಲ್ಲಿ ಫ್ಯಾಕ್ಟರಿಗಳಿಗೆ ಕೊಡುವ ಪಬ್ಲಿಕ್ ಲಯಬಿಲಿಟಿ ಪಾಲಿಸಿ 'ಕ್ಲೇಮ್ಸ್ ಮೇಡ್' ಅನ್ನುವ ಜಾತಿಯದು. ಘಟನೆ ಪಾಲಿಸಿಯಲ್ಲಿ ಬರೆದ ಒಂದು ಹಿಂದಿನ ತಾರೀಖಿನಿಂದ ಈಚೆಗೆ ನಡೆದಿರಬೇಕು, ಜೊತೆಗೆ ಕ್ಲೇಮು ಕೂಡ ಪಾಲಿಸಿ ಚಾಲ್ತಿಯಲ್ಲಿರುವಾಗಲೇ ಬರಹದಲ್ಲಿ ಬಂದು ಮುಟ್ಟಬೇಕು. ಆ ಹಿಂದಿನ ತಾರೀಖಿಗೆ 'ರೆಟ್ರೋಆಕ್ಟಿವ್ ಡೇಟ್' ಅನ್ನುತ್ತಾರೆ. ವರ್ಷವರ್ಷ ಬಿಡದೆ ನವೀಕರಿಸಿದರೆ ಆ ತಾರೀಖು ಹಿಂದೆಯೇ ನಿಂತಿರುತ್ತದೆ, ರಕ್ಷಣೆ ಉದ್ದವಾಗುತ್ತ ಹೋಗುತ್ತದೆ. ಒಂದು ವರ್ಷ ನವೀಕರಣ ತಪ್ಪಿದರೆ ಅಷ್ಟೂ ವರ್ಷದ್ದು ಬಿದ್ದುಹೋಗಬಹುದು. ಇದಲ್ಲದೆ ಮಾಲಿನ್ಯವನ್ನು ಬೇರೆಯಾಗಿ ಪ್ರೀಮಿಯಂ ಕೊಟ್ಟು ಸೇರಿಸಿಕೊಳ್ಳದಿದ್ದರೆ ಅದು ಹೊರಗೇ. ಮಾಲಿನ್ಯ ಬೇಡ ಎಂದು ಟಿಕ್ ಹಾಕಿ ಪ್ರೀಮಿಯಂ ಉಳಿಸಿದ ಮ್ಯಾನೇಜರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದು ಸೈ ಎಂದು ಸಹಿ ಹಾಕಿದ ನಮ್ಮವರನ್ನೂ ನೋಡಿದ್ದೇನೆ.

ಇದರಿಂದ ಹೊರಡುವ ವಿಚಿತ್ರವನ್ನು ಗಮನಿಸಿ. ಅಲ್ಲಿ ಮುಚ್ಚಿದ ಫ್ಯಾಕ್ಟರಿಯ ಸತ್ತ ಪಾಲಿಸಿಗೂ ಜೀವವಿದೆ. ಇಲ್ಲಿ ಜೀವ ಇರುವುದು ನಡೆಯುತ್ತಿರುವ ಫ್ಯಾಕ್ಟರಿಯ ಪಾಲಿಸಿಗೆ. ಗೇಟಿಗೆ ಬೀಗ ಬಿದ್ದು ನವೀಕರಣ ನಿಂತರೆ ವಿಮೆಯ ಬಾಗಿಲಿಗೂ ಬೀಗ ಬೀಳುತ್ತದೆ. ಆದ್ದರಿಂದ ನೀರು ಕೆಟ್ಟಿದೆ ಎಂಬ ಅನುಮಾನ ಇರುವ ರೈತ ಫ್ಯಾಕ್ಟರಿ ಮುಚ್ಚಲಿ, ಆಮೇಲೆ ನೋಡೋಣ ಎಂದು ಕೂರಬಾರದು. ನೀರನ್ನು ಮಾನ್ಯತೆ ಇರುವ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ವರದಿಯ ಪ್ರತಿ ಲಗತ್ತಿಸಿ, ನನಗೆ ಇಂಥ ನಷ್ಟ ಆಗಿದೆ, ಪರಿಹಾರ ಕೊಡಿ ಎಂದು ಸ್ಪೀಡ್ ಪೋಸ್ಟಿನಲ್ಲಿ ಫ್ಯಾಕ್ಟರಿಗೆ ಕಳಿಸಬೇಕು. ಧರಣಿ ಕೂತರೆ ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ಪಾಲಿಸಿಯ ಲೆಕ್ಕಕ್ಕೆ ಬರುವುದಿಲ್ಲ. ಬರಹದ ನೋಟಿಸು ಲೆಕ್ಕಕ್ಕೆ ಬರುತ್ತದೆ. ಮಾಲೀಕರೂ ಅದನ್ನು ಮುಚ್ಚಿಟ್ಟುಕೊಳ್ಳದೆ ವಿಮಾ ಕಂಪನಿಗೆ ಕೂಡಲೇ ತಿಳಿಸಬೇಕು. ತಡ ಮಾಡಿದರೆ ನಷ್ಟ ಅವರದೇ. ಈ ವಿಷಯದಲ್ಲಿ ರೈತನ ಹಿತವೂ ಮಾಲೀಕನ ಹಿತವೂ ಒಂದೇ ಎಂಬುದು ಇಬ್ಬರಿಗೂ ಹೊಳೆಯುವುದಿಲ್ಲ.

1991ರ ಕಾಯ್ದೆಯಲ್ಲಿ ಒಂದು ಕಿಟಕಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ಅಪಘಾತ ಎಂದರೆ ಏನೆಂದು ಹೇಳುವಾಗ ಕಾಯ್ದೆ ಸ್ಫೋಟ, ಸೋರಿಕೆ ಎಂದು ನಿಲ್ಲುವುದಿಲ್ಲ. ಉದ್ದೇಶವಿಲ್ಲದೆ ನಡೆದದ್ದರಿಂದ ನಿರಂತರವಾಗಿಯೋ, ಬಿಟ್ಟುಬಿಟ್ಟೋ, ಮತ್ತೆ ಮತ್ತೆಯೋ ವಿಷಕ್ಕೆ ಒಡ್ಡಿಕೊಂಡು ಆದ ಹಾನಿಯನ್ನೂ ಅದು ಒಳಗೆ ತರುತ್ತದೆ. ನಿಧಾನವಾಗಿ ಇಳಿಯುವ ವಿಷಕ್ಕೆ ಇಷ್ಟು ಹತ್ತಿರದ ಮಾತನ್ನು ನಮ್ಮ ವಿಮಾ ಕಾನೂನಿನಲ್ಲಿ ನಾನು ಬೇರೆ ಕಡೆ ಕಂಡಿಲ್ಲ. ಅರ್ಜಿಗೆ ಮಾತ್ರ ಘಟನೆಯಿಂದ ಐದು ವರ್ಷದ ಗಡುವು. ನೆಲದೊಳಗಿನ ವಿಷ ಈ ಗಡುವನ್ನು ಗೌರವಿಸುವುದಿಲ್ಲ. ಕಾನೂನು ಮಾಡಿದವರು ಯೋಚಿಸಬೇಕಾದ ಜಾಗ ಇದು, ವಕೀಲರು ವಾದ ಹೂಡಬೇಕಾದ ಜಾಗವೂ ಹೌದು.

ಇನ್ನು ಕಾಗದ ಹುಡುಕುವ ಕೆಲಸ. ಹಳೆಯ ಪಾಲಿಸಿಗಳ ಮಾತು ಇವತ್ತಿನವುಗಳ ಹಾಗೇ ಇದೆ ಎಂದು ಓದದೆ ಹೇಳಬಾರದು. ಓದಬೇಕಾದರೆ ಮೊದಲು ಸಿಗಬೇಕು. ನಮ್ಮಲ್ಲಿ 1971ರ ಮೇ ತಿಂಗಳಲ್ಲಿ ಸಾಮಾನ್ಯ ವಿಮಾ ಕಂಪನಿಗಳ ಆಡಳಿತವನ್ನು ಸರ್ಕಾರ ವಹಿಸಿಕೊಂಡಿತು. 1973ರ ಜನವರಿ 1ರಿಂದ ನೂರಕ್ಕೂ ಹೆಚ್ಚು ಕಂಪನಿಗಳು ನಾಲ್ಕರೊಳಗೆ ಕರಗಿದವು: ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ. ಚೆನ್ನೈನ ಯುನೈಟೆಡ್ ಇಂಡಿಯಾ ಒಂದರೊಳಗೇ 12 ಭಾರತೀಯ ಕಂಪನಿಗಳು, 4 ಸಹಕಾರ ಸಂಘಗಳು, 5 ವಿದೇಶಿ ಕಂಪನಿಗಳ ಇಲ್ಲಿನ ವ್ಯವಹಾರ ಸೇರಿವೆ. ಇದು ನಮಗೆ ಒಳ್ಳೆಯ ಸುದ್ದಿ. ಅಮೆರಿಕದಲ್ಲಿ ಹಳೆಯ ವಿಮಾ ಕಂಪನಿ ದಿವಾಳಿಯಾದರೆ ಪಾಲಿಸಿ ಸಿಕ್ಕಿಯೂ ಪೂರ್ತಿ ಹಣ ಸಿಗುವ ಖಾತ್ರಿ ಇರುವುದಿಲ್ಲ. ಇಲ್ಲಿ ಕಾಗದದ ಮೇಲೆ ಯಾವ ಮರೆತ ಹೆಸರಿದ್ದರೂ ವಾರಸುದಾರರ ವಿಳಾಸ ಗೊತ್ತಿದೆ.

ವಿಮಾ ಕಚೇರಿಗೇ ಹೋಗಿ ಹಳೆಯ ಪ್ರತಿ ಕೇಳಿದರೆ ನಾಶ ಮಾಡಿದ್ದೇವೆ ಎಂಬ ಉತ್ತರ ಸಿಗುವ ಸಂಭವವೇ ಹೆಚ್ಚು. ಸುತ್ತು ದಾರಿ ಹಿಡಿಯಬೇಕು. ಫ್ಯಾಕ್ಟರಿ ಕಟ್ಟಲು ರಾಜ್ಯ ಹಣಕಾಸು ಸಂಸ್ಥೆಯಿಂದಲೋ ಬ್ಯಾಂಕಿನಿಂದಲೋ ಸಾಲ ತೆಗೆದಿದ್ದರೆ ಸಾಲದ ಕಡತದಲ್ಲಿ ವಿಮೆಯ ಪ್ರತಿ ಇರುತ್ತದೆ, ಅದಿಲ್ಲದೆ ಅವರು ಹಣ ಬಿಡುವುದಿಲ್ಲ. ಅದು ಬೆಂಕಿ ವಿಮೆಯದೇ ಇದ್ದರೂ ಕಂಪನಿ ಯಾವುದು, ಶಾಖೆ ಯಾವುದು ಎಂದು ತಿಳಿಯುತ್ತದೆ. ಒಂದೇ ಶಾಖೆಯಲ್ಲಿ ಎಲ್ಲ ವಿಮೆ ಮಾಡಿಸುವುದು ರೂಢಿ. ಆಡಿಟರ ಲೆಡ್ಜರಿನಲ್ಲಿ ಪ್ರೀಮಿಯಂ ಕಟ್ಟಿದ ಸಾಲು ಇರುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಪತ್ರದ ಕಡತದಲ್ಲಿ 1991ರ ನಂತರದ ಪಾಲಿಸಿಯ ಪ್ರತಿ ಸಿಗಬಹುದು. ಎಲ್ಲಕ್ಕಿಂತ ಮುಖ್ಯ, ನಿವೃತ್ತ ಅಕೌಂಟೆಂಟರು. ಫ್ಯಾಕ್ಟರಿಯ ಹೆಸರು ಬದಲಾದದ್ದು, ಯಾವ ಡೆವಲಪ್‌ಮೆಂಟ್ ಆಫೀಸರು ಬಂದು ಹೋಗುತ್ತಿದ್ದರು ಎಂಬುದು ಅವರ ನಾಲಗೆಯ ಮೇಲೇ ಇರುತ್ತದೆ. ಈ ಸಭೆಯಲ್ಲೇ ಅಂಥವರಿದ್ದಾರೆ ಎಂದು ನನ್ನ ನಂಬಿಕೆ. ಮೂಲ ಪತ್ರ ಕಳೆದಿದ್ದರೆ ಬದಲಿ ಸಾಕ್ಷ್ಯ ಕೊಡಲು ನಮ್ಮ ಸಾಕ್ಷ್ಯ ಕಾನೂನು ಅವಕಾಶ ಕೊಡುತ್ತದೆ. ಇರಬೇಕಾದವರ ಬಳಿಯಿಂದಲೇ ಬಂದ 30 ವರ್ಷ ಹಳೆಯ ಪತ್ರವಾದರೆ ಅದರ ಸಹಿಯನ್ನು ಸಾಬೀತು ಮಾಡಬೇಕೆಂದು ಹಟ ಹಿಡಿಯದೆಯೂ ನ್ಯಾಯಾಲಯ ಒಪ್ಪಬಹುದು. ಕಾಗದ ಹಳೆಯದಾದಷ್ಟೂ ಬಲ ಬರುವ ಅಪರೂಪದ ಸಂದರ್ಭ.

ಈ ಕಾಗದಗಳು ನಿಜವಾಗಿ ಸಾಯುವುದು ಫ್ಯಾಕ್ಟರಿ ದಿವಾಳಿಯಾದಾಗ. 2016ರ ದಿವಾಳಿ ಸಂಹಿತೆಯಡಿ ಲಿಕ್ವಿಡೇಟರ್ ಬರುತ್ತಾರೆ, ಜಮೀನು, ಶೆಡ್ಡು, ಯಂತ್ರ ಪಟ್ಟಿ ಮಾಡುತ್ತಾರೆ, ಹರಾಜು ಹಾಕುತ್ತಾರೆ. ಕಡತದ ಗಂಟುಗಳು ರದ್ದಿಯವನ ತಕ್ಕಡಿಗೆ ಹೋಗುತ್ತವೆ. ಕಿಲೋಗೆ ಹತ್ತೋ ಹದಿನೈದೋ ರೂಪಾಯಿಗೆ ಹೋಗುವ ಆ ಗಂಟಿನಲ್ಲಿ ಕೋಟಿಯ ಹಕ್ಕು ಇರಬಹುದೆಂದು ಪಟ್ಟಿ ಮಾಡಿದವರಿಗೆ ತೋಚುವುದಿಲ್ಲ. ಮುಚ್ಚುವ ಫ್ಯಾಕ್ಟರಿಯ ವಿಮಾ ಕಡತಗಳನ್ನು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯೋ ಜಿಲ್ಲಾಡಳಿತವೋ ವಶಕ್ಕೆ ಪಡೆದು ಇಟ್ಟುಕೊಳ್ಳಬೇಕು ಎಂಬುದು ನನ್ನ ಒತ್ತಾಯ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಬೀರು ಸಾಕು.

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ನಿಯಮ ಹೊರಡಿಸಿದೆ. ದೇಶದಲ್ಲಿ ಗುರುತಿಸಿದ ಅಂಥ ಸ್ಥಳಗಳು ಆ ಹೊತ್ತಿಗೆ 103. ತೊಳೆಯುವ ಕೆಲಸ ಶುರುವಾಗಿದ್ದದ್ದು ಏಳರಲ್ಲಿ. ಅನುಮಾನಾಸ್ಪದ ಜಾಗಗಳ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಕೆಳಗಿನಿಂದಲೇ, ಜಿಲ್ಲಾ ಮಟ್ಟದಿಂದಲೇ ಕಳಿಸಬೇಕು. ಹೊಣೆಗಾರ ಯಾರೆಂದು ರಾಜ್ಯ ಮಂಡಳಿ 90 ದಿನದಲ್ಲಿ ಗುರುತಿಸಬೇಕು, ತೊಳೆಯುವ ಖರ್ಚು ಅವನದು. ಅವನು ಸಿಗದಿದ್ದರೆ, ಸಿಕ್ಕರೂ ಕೊಡಲಾರದವನಾದರೆ, ಸರ್ಕಾರಗಳದು. ಆ 90 ದಿನದ ವಿಚಾರಣೆಯಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ: ನಿಮ್ಮ ವಿಮೆ ಯಾರಲ್ಲಿತ್ತು, ಯಾವ ಯಾವ ವರ್ಷ? ಕೊಡಲಾರದವನ ಜೇಬಿನಲ್ಲಿ ಇಲ್ಲದ ಹಣ ಅವನ ಹಳೆಯ ಕಡತದಲ್ಲಿ ಇರಬಹುದು.

ಪಂಚಾಯಿತಿ ಸದಸ್ಯರು ಮುಂದಿನ ಸಾಲಿನಲ್ಲಿ ಕೂತಿರುವುದರಿಂದ ಕೆಲಸಕ್ಕೆ ಬರುವ ಮಾತೊಂದನ್ನು ಹೇಳಿ ಮುಗಿಸುತ್ತೇನೆ. ಮಾಹಿತಿ ಹಕ್ಕಿನ ಅರ್ಜಿ ಬರೆಯಿರಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಮೈಸೂರು ಪ್ರಾದೇಶಿಕ ಕಚೇರಿಯ ಮಾಹಿತಿ ಅಧಿಕಾರಿಗೆ, ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಿ 1991ರ ಕಾಯ್ದೆಗೆ ಒಳಪಡುವ ಘಟಕಗಳು ಯಾವುವು, ಅವು ಸಲ್ಲಿಸಿರುವ ಪಾಲಿಸಿಯ ಸಂಖ್ಯೆ, ವಿಮಾ ಕಂಪನಿ, ಅವಧಿ ಏನು ಎಂದಷ್ಟೇ ಕೇಳಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಶುಲ್ಕ 10 ರೂಪಾಯಿ. ಆರೋಪ, ಆಕ್ರೋಶ ಸೇರಿಸಬೇಡಿ, ಪದ ಸಾಲುವುದಿಲ್ಲ. 30 ದಿನದೊಳಗೆ ಉತ್ತರ ಬರಬೇಕು. ವ್ಯಾಪಾರದ ಗುಟ್ಟು, ಕೊಡಲಾಗದು ಎಂದು ಬರೆದರೆ, ಅದು ಶಾಸನವೇ ಕಡ್ಡಾಯ ಮಾಡಿದ ಪಾಲಿಸಿ, ಮಾಡಿಸಿರುವುದು ಊರಿನವರ ರಕ್ಷಣೆಗೆ, ಸಾರ್ವಜನಿಕ ಹಿತ ದೊಡ್ಡದು ಎಂದು ಮೇಲ್ಮನವಿ ಹಾಕಿ. ಬಂದ ಉತ್ತರವನ್ನು ಪಂಚಾಯಿತಿಯ ರಿಜಿಸ್ಟರಿಗೆ ಅಂಟಿಸಿ, ಪ್ರತಿ ವರ್ಷ ನವೀಕರಣದ ತಿಂಗಳು ಬಂದಾಗ ಇದೇ ಅರ್ಜಿಯನ್ನು ಮತ್ತೆ ಕೊಡಿ. ಅರ್ಜಿಯ ನಮೂನೆಯನ್ನು ಟೈಪು ಮಾಡಿಸಿ ತಂದಿದ್ದೇನೆ, ಬಾಗಿಲ ಪಕ್ಕದ ಮೇಜಿನ ಮೇಲಿದೆ. ಹೋಗುವಾಗ ಒಂದೊಂದು ತೆಗೆದುಕೊಳ್ಳಿ.